ಲಿಸ್ಬನ್: ಹತ್ತುವುದು ಟ್ರಾಮಿನಲ್ಲಿ, ಇಳಿಯುವುದು ಕಾಲಲ್ಲಿ

ಲಿಸ್ಬನ್ನಿಗೆ ಹೊರಟವರು ಕ್ಯಾಮೆರಾ, ಕೋಟು ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಒಂದು ಜೊತೆ ಒಳ್ಳೆಯ ಶೂ ಹೊಂದಿಸಿಕೊಳ್ಳಬೇಕು. ಪೋರ್ಚುಗಲ್ಲಿನ ಈ ರಾಜಧಾನಿ ತೇಜು ನದಿಯ ಉತ್ತರ ದಂಡೆಯಲ್ಲಿ ಗುಡ್ಡಗಳ ಮೇಲೆ ಹರಡಿಕೊಂಡಿದೆ. ಏಳು ಗುಡ್ಡಗಳ ಊರು ಎನ್ನುವುದು ರೂಢಿಯ ಮಾತು. ಲೆಕ್ಕ ಏಳಕ್ಕೆ ನಿಲ್ಲುವುದಿಲ್ಲ ಎಂದು ಮೊದಲ ದಿನ ಸಂಜೆಯೇ ಮಂಡಿ ಹೇಳುತ್ತದೆ. ಫುಟ್‌ಪಾತಿಗೆಲ್ಲ ಬಿಳಿ ಸುಣ್ಣದ ಕಲ್ಲಿನ ಸಣ್ಣ ಚೌಕಗಳನ್ನು ಕೈಯಿಂದಲೇ ಒಂದೊಂದಾಗಿ ಕೂರಿಸಿದ್ದಾರೆ, ನಡುನಡುವೆ ಕಪ್ಪು ಕಲ್ಲಿನ ಚಿತ್ತಾರ. ನೋಡಲು ಬಲು ಚೆಂದ. ಆದರೆ ಜನ ತುಳಿದು ತುಳಿದು ನುಣ್ಣಗಾಗಿರುವ ಈ ಕಲ್ಲು ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಜಾರುತ್ತದೆ. ಚರ್ಮದ ಅಟ್ಟೆಯ ಶೂ, ಎತ್ತರದ ಹಿಮ್ಮಡಿ, ಹವಾಯಿ ಚಪ್ಪಲಿ ಮೂರೂ ಇಲ್ಲಿ ಬೇಡ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಂತೂ ಈ ಮಾತನ್ನು ಗಟ್ಟಿಯಾಗಿ ನೆನಪಿಡಿ.

ಈ ಊರು ಸುತ್ತಲು ನಾನು ಹೇಳುವ ಸೂತ್ರ ಒಂದೇ. ಮೇಲಕ್ಕೆ ಹೋಗುವುದು ಟ್ರಾಮು, ಬಸ್ಸು, ಲಿಫ್ಟಿನಲ್ಲಿ; ಕೆಳಗೆ ಬರುವುದು ನಡೆದುಕೊಂಡು. ಹಾಗೆ ಮಾಡಿದರೆ ದಣಿವೂ ಕಡಿಮೆ, ಇಳಿಯುವಾಗ ಓಣಿಗಳ ಸಂದಿಯಿಂದ ನದಿ ಕಾಣುತ್ತಲೇ ಇರುವುದರಿಂದ ದಾರಿ ತಪ್ಪುವ ಭಯವೂ ಇಲ್ಲ. ನದಿ ಎದುರಿಗಿದ್ದರೆ ನೀವು ದಕ್ಷಿಣಕ್ಕೆ ಮುಖ ಮಾಡಿದ್ದೀರಿ ಎಂದರ್ಥ.

ಇನ್ನೆರಡು ವಿಷಯ ತಿಳಿದಿದ್ದರೆ ಇಲ್ಲಿನ ಕಟ್ಟಡಗಳೆಲ್ಲ ಬಾಯಿ ಬಿಡುತ್ತವೆ. ಒಂದು, 1755ರ ಭೂಕಂಪ. ಯಾವುದು ಅದಕ್ಕಿಂತ ಹಿಂದಿನದು, ಯಾವುದು ಅದರಲ್ಲಿ ಬಿದ್ದದ್ದು, ಯಾವುದು ಬಿದ್ದ ಮೇಲೆ ಎದ್ದದ್ದು ಎಂದು ಕೇಳಿಕೊಳ್ಳುತ್ತ ಹೋಗಬೇಕು. ಇನ್ನೊಂದು, ಕರಿಮೆಣಸು. ಅದು ನಮ್ಮ ಕಡಲ ದಂಡೆಯಿಂದ ಹೋದ ಸರಕು, ಹಾಗಾಗಿ ಆ ಕಥೆಯಲ್ಲಿ ನಮಗೂ ಒಂದು ಪಾತ್ರವಿದೆ.

ಬೈಶಾ: ನಡುಗಿದ ಮೇಲೆ ಕಟ್ಟಿದ ಊರು

ನದಿಗೆ ತೆರೆದುಕೊಂಡಿರುವ ದೊಡ್ಡ ಚೌಕ ಪ್ರಾಸಾ ದು ಕೊಮೆರ್ಸಿಯುನಿಂದ ಶುರು ಮಾಡಿ. ಮೂರು ಕಡೆ ಹಳದಿ ಬಣ್ಣದ ಕಮಾನು ಕಟ್ಟಡಗಳು, ನಾಲ್ಕನೆಯ ಕಡೆ ನೀರು. ಭೂಕಂಪಕ್ಕೆ ಮೊದಲು ಇಲ್ಲಿ ರಾಜರ ಅರಮನೆ ಇತ್ತು, ಅದಕ್ಕೇ ಹಳಬರ ಬಾಯಲ್ಲಿ ಇದು ಇವತ್ತಿಗೂ ಅರಮನೆ ಅಂಗಳವೇ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತಿಗೆ ನೆಲ ನಡುಗಿತು. ಹಬ್ಬಕ್ಕೆ ಹಚ್ಚಿದ್ದ ಮೇಣದ ಬತ್ತಿಗಳಿಂದ ಬೆಂಕಿ ಹಬ್ಬಿತು. ಕಟ್ಟಡ ಬೀಳುತ್ತವೆಂದು ಬಯಲು ಹುಡುಕಿ ನದಿ ದಂಡೆಗೆ ಓಡಿ ಬಂದವರ ಮೇಲೆ ಸುನಾಮಿ ಅಲೆಗಳು ಎರಗಿದವು. ದಿನಗಟ್ಟಲೆ ಉರಿದ ಬೆಂಕಿಯಲ್ಲಿ ಅರಮನೆ, ಅದರೊಳಗಿನ ಪುಸ್ತಕ ಭಂಡಾರ ಎಲ್ಲ ಹೋದವು. ಸತ್ತವರು ಹತ್ತಾರು ಸಾವಿರ. ರಾಜ ಒಂದನೆಯ ಜೋಸೆ ಆಮೇಲೆ ಕಲ್ಲುಗಾರೆಯ ಕಟ್ಟಡದ ಸಹವಾಸವೇ ಬೇಡವೆಂದು ಊರಾಚೆ ಅಜುಡಾ ಗುಡ್ಡದ ಮೇಲೆ ಮರದ ಮನೆ ಕಟ್ಟಿಸಿಕೊಂಡು ಅಲ್ಲೇ ಉಳಿದ.

ಊರನ್ನು ಮತ್ತೆ ಎಬ್ಬಿಸಿದವನು ಅವನ ಮಂತ್ರಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡ ಸೆಬಾಸ್ತಿಯಾವ್ ಜೋಸೆ. ಮನುಷ್ಯ ಕಟುಕ, ವಿರೋಧಿಗಳನ್ನು ಉಳಿಸಲಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು. ಡೊಂಕು ಓಣಿಗಳ ಜಾಗದಲ್ಲಿ ನೇರ ಬೀದಿಗಳು ಬಂದವು, ಚಿನ್ನದವರಿಗೊಂದು, ಬೆಳ್ಳಿಯವರಿಗೊಂದು, ಚಮ್ಮಾರರಿಗೊಂದು, ಬಟ್ಟೆಯವರಿಗೊಂದು ಎಂದು ಕಸುಬಿನ ಹೆಸರಿನಲ್ಲೇ. ನಮ್ಮ ಬೆಂಗಳೂರಿನ ಪೇಟೆಗಳಿಗೂ ಇಂಥದೇ ಹೆಸರು. ಬೈಶಾದ ಎಲ್ಲ ಕಟ್ಟಡಗಳೂ ಒಂದೇ ಎತ್ತರ, ಒಂದೇ ಬಗೆಯ ಕಿಟಕಿ; ಬೇಸರ ಹುಟ್ಟಿಸುವಷ್ಟು ಒಂದೇ ಥರ. ಸ್ವಾರಸ್ಯ ಗೋಡೆಯ ಒಳಗಿದೆ. ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಹೆಣೆದು ಪಂಜರ ಮಾಡಿ, ಸಂದಿಗಳಲ್ಲಿ ಕಲ್ಲುಗಾರೆ ತುಂಬಿದ್ದಾರೆ. ನೆಲ ನಡುಗಿದರೆ ಪಂಜರ ಬಾಗಿ ಬಳುಕುತ್ತದೆಯೇ ಹೊರತು ಮುರಿದು ಬೀಳುವುದಿಲ್ಲ ಎಂಬ ಲೆಕ್ಕ. ಮಾದರಿಯೊಂದನ್ನು ಕಟ್ಟಿ, ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ನೆಲ ನಡುಗಿಸಿ ಪರೀಕ್ಷಿಸಿದರಂತೆ. ಎಷ್ಟು ಹೊತ್ತು ನಡುಗಿತು, ಎಷ್ಟು ಮನೆ ಬಿತ್ತು, ಸಮುದ್ರ ಏನು ಮಾಡಿತು ಎಂದು ಪ್ರತಿ ಊರಿನ ಪಾದ್ರಿಗೂ ಪ್ರಶ್ನೆ ಕಳಿಸಿ ಉತ್ತರ ತರಿಸಿದವನೂ ಇದೇ ಪೊಂಬಾಲ್. ಭೂಕಂಪ ಶಾಸ್ತ್ರದ ಚರಿತ್ರೆ ಬರೆಯುವವರು ಇವತ್ತಿಗೂ ಆ ಉತ್ತರಗಳಿಂದಲೇ ಶುರು ಮಾಡುತ್ತಾರೆ.

ಈ ಕಟ್ಟಡಗಳ ಬುಡ ನೋಡುವ ಆಸೆಯಿದ್ದರೆ ರುವಾ ದುಸ್ ಕೊರ್ರಿಯೈರುಸ್ ಬೀದಿಗೆ ಹೋಗಿ. ಅಲ್ಲಿನ ಬ್ಯಾಂಕೊಂದರ ನೆಲದಡಿಯಲ್ಲಿ ಅಗೆದಾಗ ರೋಮನ್ನರು ಮೀನಿಗೆ ಉಪ್ಪು ಹಾಕಿಡುತ್ತಿದ್ದ ತೊಟ್ಟಿಗಳು ಸಿಕ್ಕವು, ಅದರ ಜೊತೆಗೆ ಪೊಂಬಾಲನ ಕಾಲದಲ್ಲಿ ಕೆಸರು ನೆಲಕ್ಕೆ ಬಡಿದ ಪೈನ್ ಮರದ ಗೂಟಗಳು. ಗೈಡ್ ಜೊತೆ ಉಚಿತವಾಗಿ ತೋರಿಸುತ್ತಾರೆ. ಸಮಯ ಮುಂಚೆಯೇ ಕೇಳಿ ಹೆಸರು ಕೊಡಬೇಕು. ಹೊರಗೆ ಬೀದಿಯಲ್ಲಿ ಸಾವಿರಾರು ಪ್ರವಾಸಿಗರು ಹರಿದಾಡುತ್ತಿರುತ್ತಾರೆ, ಇಲ್ಲಿಗೆ ಬರುವವರು ಬೆರಳೆಣಿಕೆ.

ಚೌಕದಿಂದ ಒಳಕ್ಕೆ ಹೋಗುವ ರುವಾ ಅಗುಸ್ತಾ ಬೀದಿಯ ಕಮಾನನ್ನು ಹತ್ತಬಹುದು, ಟಿಕೆಟ್ಟಿದೆ. ನೇರ ಬೀದಿಗಳ ವಿನ್ಯಾಸ ಅರ್ಥವಾಗುವುದು ಅಲ್ಲಿ ನಿಂತಾಗಲೇ. ಅದೇ ಬೀದಿಯಲ್ಲಿ ನಿಮ್ಮ ಹತ್ತಿರ ಬಂದು ಮೆಲ್ಲಗೆ ಗಾಂಜಾ ಬೇಕೇ ಎಂದು ಕೇಳುವವರಿದ್ದಾರೆ. ಉತ್ತರ ಕೊಡದೆ ನಡೆಯುತ್ತಿರಿ, ಹಿಂಬಾಲಿಸುವುದಿಲ್ಲ.

ರೊಸ್ಸಿಯು ಚೌಕದಲ್ಲಿ ನೆಲದ ಕಪ್ಪುಬಿಳುಪು ಅಲೆಗಳನ್ನು ನೋಡಿ ಎಲ್ಲರೂ ಫೋಟೊ ಹೊಡೆದುಕೊಂಡು ಮುಂದೆ ಹೋಗುತ್ತಾರೆ. ಪಕ್ಕದಲ್ಲೇ ಇರುವ ಸಾವ್ ದೊಮಿಂಗುಸ್ ಚರ್ಚಿನೊಳಗೆ ಐದು ನಿಮಿಷ ಹೋಗಿ ಬನ್ನಿ ಎನ್ನುತ್ತೇನೆ. 1755ರಲ್ಲಿ ಬಿದ್ದು ಎದ್ದ ಈ ಚರ್ಚು 1959ರಲ್ಲಿ ಮತ್ತೆ ಸುಟ್ಟುಹೋಯಿತು. ಆ ಬೆಂಕಿಯ ಗುರುತನ್ನು ಅವರು ಅಳಿಸಿಲ್ಲ. ಕಂಬಗಳ ಕಲ್ಲು ಬಿಸಿಗೆ ಸಿಡಿದು ಚಕ್ಕೆ ಎದ್ದಿದೆ, ಅಂಚುಗಳೆಲ್ಲ ಕರಗಿದ ಹಾಗೆ ಮೊಂಡಾಗಿವೆ, ಮೇಲೆ ಕೆಂಪು ಬಳಿದ ಚಾವಣಿ ಮಾತ್ರ ಹೊಸದು. ಹೊರಗಿನ ಅಂಗಳದಲ್ಲಿ ಯಹೂದಿ ನಕ್ಷತ್ರದ ಗುರುತಿರುವ ಕಲ್ಲಿದೆ: 1506ರಲ್ಲಿ ಇದೇ ಚರ್ಚಿನಿಂದ ಹೊತ್ತಿದ ಗಲಭೆಯಲ್ಲಿ ಬಲವಂತವಾಗಿ ಮತಾಂತರವಾಗಿದ್ದ ಯಹೂದಿಗಳನ್ನು ದಿನಗಟ್ಟಲೆ ಹುಡುಕಿ ಕೊಂದದ್ದರ ನೆನಪಿಗೆ. ಆ ಕಲ್ಲಿನ ಸುತ್ತಮುತ್ತಲೇ ಚೆರ್ರಿ ಹಣ್ಣಿನ ಮದ್ಯ ಜಿಂಜಿಞಾ ಮಾರುವ ಹಳೆಯ ಗೂಡಂಗಡಿಗೆ ಜನ ಮುತ್ತಿಕೊಂಡಿರುತ್ತಾರೆ.

ಶಿಯಾದು ಗುಡ್ಡ ಮತ್ತು ಸೂರಿಲ್ಲದ ಚರ್ಚು

ಬೈಶಾದಿಂದ ಪಶ್ಚಿಮದ ಗುಡ್ಡಕ್ಕೆ ಏರಿಸುವ ಸಾಂತಾ ಜುಸ್ತಾ ಲಿಫ್ಟು 1902ರದು; 45 ಮೀಟರ್ ಎತ್ತರದ ಕಬ್ಬಿಣದ ಗೋಪುರ, ಕಸೂತಿ ಹಾಕಿದಂಥ ಕುಸುರಿ. ಕೆಳಗಿನಿಂದ ನೋಡಿ ಖುಷಿಪಡಿ, ಸಾಲಿನಲ್ಲಿ ನಿಲ್ಲಬೇಡಿ. ಒಂದು ನಿಮಿಷದ ಸವಾರಿಗೆ ಒಂದು ಗಂಟೆ ಕಾಯುವುದು ಯಾವ ಲೆಕ್ಕಕ್ಕೂ ಸಮವಲ್ಲ. ಹಿಂದಿನ ಬೀದಿಯಿಂದ ನಿಧಾನಕ್ಕೆ ನಡೆದು ಕಾರ್ಮು ಚೌಕಕ್ಕೆ ಬಂದರೂ ಅದೇ ನೋಟ ಸಿಗುತ್ತದೆ.

ಹಳಿಯ ಮೇಲೆ ಗುಡ್ಡ ಹತ್ತಿಸುವ ಹಳದಿ ಪೆಟ್ಟಿಗೆಗಳಂಥ ಫ್ಯೂನಿಕುಲರ್‌ಗಳು ಲಿಸ್ಬನ್ನಿನ ಪೋಸ್ಟ್‌ಕಾರ್ಡಿನಲ್ಲೆಲ್ಲ ಇವೆ. ಆದರೆ 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಮಾರ್ಗದ ಬಂಡಿ ಹಳಿ ತಪ್ಪಿ ಉರುಳಿ 16 ಜನ ತೀರಿಕೊಂಡರು. ಆಮೇಲೆ ಉಳಿದವನ್ನೂ ತಪಾಸಣೆಗೆಂದು ನಿಲ್ಲಿಸಿದರು. ಯಾವುದು ಓಡುತ್ತಿದೆ, ಯಾವುದು ಇಲ್ಲ ಎಂದು ಹೋದ ದಿನವೇ ವಿಚಾರಿಸಿಕೊಳ್ಳಿ; ಹಳೆಯ ಪ್ರವಾಸ ಪುಸ್ತಕವನ್ನು ನಂಬಿ ಕೂರಬೇಡಿ.

ಕಾರ್ಮು ಚೌಕದಲ್ಲಿರುವ ಹಾಳು ಚರ್ಚು ಈ ಊರಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ. 1389ರಲ್ಲಿ ಶುರುವಾದ ಮಠ. ಭೂಕಂಪದಲ್ಲಿ ಸೂರು ಕುಸಿಯಿತು. ಮತ್ತೆ ಕಟ್ಟಲು ಹೊರಟು ನಡುವೆ ಬಿಟ್ಟರು, ಆಮೇಲೆ ಹಾಗೆಯೇ ಇರಲೆಂದು ತೀರ್ಮಾನಿಸಿದರು. ಈಗ ಚೂಪು ಕಮಾನುಗಳು ಮಾತ್ರ ನಿಂತಿವೆ, ಮೇಲೆ ಬರಿಯ ಆಕಾಶ, ಕೆಳಗೆ ಹುಲ್ಲು. ಹಿಂಭಾಗದಲ್ಲಿ ಪುಟ್ಟ ಪುರಾತತ್ವ ಸಂಗ್ರಹಾಲಯ. ಎದುರಿನ ಚೌಕಕ್ಕೆ ಇನ್ನೊಂದು ಚರಿತ್ರೆ: 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲು ಕಯ್ತಾನು ಅಡಗಿ ಕೂತಿದ್ದು ಪಕ್ಕದ ಪೊಲೀಸು ಠಾಣ್ಯದಲ್ಲಿ. ಬಂಡೆದ್ದ ಸೇನೆಯ ಕ್ಯಾಪ್ಟನ್ ಸಲ್ಗೈರು ಮಾಯ ಈ ಚೌಕದಲ್ಲಿ ಕವಚದ ಗಾಡಿಗಳನ್ನು ನಿಲ್ಲಿಸಿದ, ಜನ ಮರ ಹತ್ತಿ ಕೂತು ನೋಡಿದರು, ಸಂಜೆಯೊಳಗೆ ಸರ್ಕಾರ ಶರಣಾಯಿತು. ಸೈನಿಕರ ಬಂದೂಕಿನ ತುದಿಗೆ ಜನ ಕೆಂಪು ಕಾರ್ನೇಶನ್ ಹೂ ಸಿಕ್ಕಿಸಿದ್ದು ಆ ದಿನವೇ.

ಶಿಯಾದುವಿನಲ್ಲಿ 1732ರಿಂದ ನಡೆದಿರುವ ಬರ್ಟ್ರಂಡ್ ಪುಸ್ತಕದಂಗಡಿ ಇದೆ. ಇಂದಿಗೂ ವ್ಯಾಪಾರ ನಡೆಸುತ್ತಿರುವ ಪುಸ್ತಕದಂಗಡಿಗಳಲ್ಲಿ ಜಗತ್ತಿಗೇ ಹಳೆಯದೆಂದು ಗಿನ್ನೆಸ್ ದಾಖಲೆ. ಪುಸ್ತಕದ ಮಾತು ಬಂದದ್ದರಿಂದ ಒಂದು ವಿಷಯ. ಹಂಪಿಯ ಮಹಾನವಮಿ, ರತ್ನದ ಅಂಗಡಿಸಾಲು, ಕೃಷ್ಣದೇವರಾಯನ ಮೈಕಟ್ಟು ಇವನ್ನೆಲ್ಲ ನಮಗೆ ಬರೆದಿಟ್ಟ ದೊಮಿಂಗು ಪಾಯೆಸ್, ಫೆರ್ನಾವ್ ನೂನಿಸ್ ಇಬ್ಬರ ಬರಹಗಳು ಮೊದಲು ಅಚ್ಚಾದದ್ದು ಲಿಸ್ಬನ್ನಿನಲ್ಲಿ, 1897ರಲ್ಲಿ. ಅದನ್ನು ಇಂಗ್ಲಿಷಿಗೆ ತಂದು ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರದ ಚರಿತ್ರೆ ಪ್ರಕಟಿಸಿದ. ಬರ್ಟ್ರಂಡ್‌ಗೆ ಹತ್ತಿರದ ಎ ಬ್ರಾಜಿಲೈರಾ ಕಾಫಿ ಅಂಗಡಿಯ ಮುಂದೆ ಕವಿ ಫೆರ್ನಾಂಡು ಪೆಸೋವ ಕಂಚಿನ ಪ್ರತಿಮೆಯಾಗಿ ಕೂತಿದ್ದಾನೆ, ಎದುರು ಖಾಲಿ ಕುರ್ಚಿ. ಸಾಲುಗಟ್ಟಿ ಆ ಕುರ್ಚಿಯಲ್ಲಿ ಕೂತು ಫೋಟೊ ತೆಗೆಸಿಕೊಳ್ಳುವವರಲ್ಲಿ ಅವನನ್ನು ಓದಿದವರೆಷ್ಟೋ. ಕಾಫಿ ಒಳಗೆ ನಿಂತು ಕುಡಿದರೆ ಅಗ್ಗ, ಹೊರಗೆ ಕುರ್ಚಿಯಲ್ಲಿ ಕೂತರೆ ದುಬಾರಿ.

ಕೋಟೆ, ಅಲ್ಫಾಮ, ಇಪ್ಪತ್ತೆಂಟರ ಟ್ರಾಮು

ಪೂರ್ವದ ಗುಡ್ಡದ ಮೇಲೆ ಸಾವ್ ಜೊರ್ಜ್ ಕೋಟೆ. ಅರಬರ ಕೈಯಲ್ಲಿದ್ದ ಇದನ್ನು 1147ರ ಅಕ್ಟೋಬರಿನಲ್ಲಿ ಅಫೋನ್ಸು ಹೆನ್ರಿಕಿಸ್ ಗೆದ್ದ, ಜೆರುಸಲೇಮಿನ ಧರ್ಮಯುದ್ಧಕ್ಕೆ ಹೊರಟಿದ್ದ ಉತ್ತರ ಯುರೋಪಿನ ದಂಡಿನ ಸಹಾಯದಿಂದ. ಕೋಟೆಗೆ ಹೋಗುವ ಸುಲಭ ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಬೈಶಾದ ರುವಾ ದುಸ್ ಫಂಕೈರುಸ್ ಬೀದಿಯ ಒಂದು ಕಟ್ಟಡದೊಳಗೆ ಸಾರ್ವಜನಿಕ ಲಿಫ್ಟ್ ಇದೆ, ಪುಕ್ಕಟೆ. ಮೇಲೆ ಹೊರಬಿದ್ದು ಸ್ವಲ್ಪ ನಡೆದರೆ ಹಳೆಯ ಮಾರುಕಟ್ಟೆ ಕಟ್ಟಡದಲ್ಲಿ ಎರಡನೆಯ ಲಿಫ್ಟ್, ಅದೂ ಪುಕ್ಕಟೆ. ಅಲ್ಲಿಂದ ಕೋಟೆ ಬಾಗಿಲಿಗೆ ಉಳಿಯುವುದು ಅರ್ಧ ಏರು ಮಾತ್ರ. ಅಷ್ಟೂ ಬೇಡವೆಂದರೆ ಪ್ರಾಸಾ ದ ಫಿಗೈರಾದಿಂದ 737 ನಂಬರಿನ ಪುಟ್ಟ ಬಸ್ಸು ನೇರ ಕೋಟೆ ತನಕ ಹೋಗುತ್ತದೆ.

ಟಿಕೆಟ್ ಕೊಟ್ಟು ಒಳಗೆ ಹೋಗಬೇಕೇ? ಗೋಡೆಗಳ ಬಹುಪಾಲು 1940ರ ಆಸುಪಾಸಿನಲ್ಲಿ ದುರಸ್ತಿ ಮಾಡಿ ಎಬ್ಬಿಸಿದ್ದು, ಒಳಗೆ ಅರಮನೆಯ ವೈಭವವೇನೂ ಇಲ್ಲ. ಕೊಡುವ ದುಡ್ಡು ನೋಟಕ್ಕೆ ಮತ್ತು ಅಲ್ಲಿ ಓಡಾಡುವ ನವಿಲುಗಳಿಗೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಸಪ್ಪೆ ಎನಿಸಬಹುದು. ಮಕ್ಕಳಿದ್ದರೆ ಹೋಗಿ. ಇಲ್ಲದಿದ್ದರೆ ಸೆಞೋರ ದು ಮೊಂಟೆ ಎಂಬ ಇನ್ನೂ ಎತ್ತರದ ನೋಟಗಟ್ಟೆಗೆ ಹೋಗಿ; ಅಲ್ಲಿಂದ ಕೋಟೆ, ನದಿ, ಸೇತುವೆ ಮೂರೂ ಒಟ್ಟಿಗೆ ಕಾಣುತ್ತವೆ, ದುಡ್ಡೂ ಇಲ್ಲ.

ಕೋಟೆಯಿಂದ ನದಿಯವರೆಗೆ ಇಳಿಯುವ ಇಳಿಜಾರೇ ಅಲ್ಫಾಮ. ಭೂಕಂಪದಲ್ಲಿ ಹೆಚ್ಚು ಹಾನಿಯಾಗದೆ ಉಳಿದ ಹಳೆಯ ಕೇರಿ. ಇಬ್ಬರು ಎದುರು ಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಓಣಿಗಳು, ಮೆಟ್ಟಿಲು, ತಲೆಯ ಮೇಲೆ ಒಣಗಿ ಹಾಕಿದ ಬಟ್ಟೆ, ಕೆಳಗಿನ ಮನೆಯಿಂದ ಸಾರ್ಡೀನ್ ಮೀನು ಸುಡುವ ಹೊಗೆ. ಇಲ್ಲಿ ಮ್ಯಾಪು ಕೆಲಸಕ್ಕೆ ಬರುವುದಿಲ್ಲ. ಪೋರ್ಟಸ್ ದು ಸೋಲ್ ಕಟ್ಟೆಯಲ್ಲಿ ಸ್ವಲ್ಪ ಕೂತು, ಪಕ್ಕದ ಸಾಂತಾ ಲುಝಿಯಾ ಕಟ್ಟೆಯ ನೀಲಿ ಹೆಂಚಿನ ಚಿತ್ರ ನೋಡಿ, ಆಮೇಲೆ ಯಾವುದಾದರೊಂದು ಮೆಟ್ಟಿಲು ಹಿಡಿದು ಇಳಿಯಿರಿ. ಆ ಚಿತ್ರದಲ್ಲಿರುವುದು ಭೂಕಂಪಕ್ಕೆ ಮುಂಚಿನ ಅರಮನೆ ಅಂಗಳ. ಬೆಳಿಗ್ಗೆ ನೀವು ನಿಂತಿದ್ದ ಜಾಗವೇ.

ಇಳಿಯುವ ದಾರಿಯಲ್ಲಿ 1147ರ ಗೆಲುವಿನ ಬೆನ್ನಿಗೇ ಮಸೀದಿಯಿದ್ದ ಜಾಗದಲ್ಲಿ ಶುರುವಾದ ಸೆ ಕೆಥೆಡ್ರಲ್ ಸಿಗುತ್ತದೆ. ಚರ್ಚಿಗಿಂತ ಕೋಟೆಯಂತೆ ಕಾಣುವ ಎರಡು ಗೋಪುರ. ಅದರ ಕೆಳಗಿನ ಸಣ್ಣ ಚರ್ಚು ಸಂತ ಅಂತೋನಿಯದು. ಮಂಗಳೂರು ಕಡೆಯ ಕ್ರೈಸ್ತರ ಮನೆಮನೆಯಲ್ಲಿ ಪಟವಿರುವ ಈ ಸಂತನನ್ನು ಪದುವಾದವನು ಎನ್ನುತ್ತಾರೆ. ಹುಟ್ಟಿದ್ದು ಇಲ್ಲಿ, ಲಿಸ್ಬನ್ನಿನಲ್ಲಿ. ಹುಟ್ಟಿದ ಜಾಗದ ಮೇಲೇ ಈ ಚರ್ಚು ಎಂಬ ನಂಬಿಕೆ. ಜೂನ್ 13 ಅವನ ಹಬ್ಬ. ಹಿಂದಿನ ರಾತ್ರಿ ಅಲ್ಫಾಮದ ತುಂಬ ಮೀನು, ಹಾಡು, ಕುಣಿತ. ಪ್ರೇಮಿಗಳು ತುಳಸಿಯ ಜಾತಿಯದೇ ಒಂದು ಪುಟ್ಟ ಗಿಡವನ್ನು ಕುಂಡದಲ್ಲಿಟ್ಟು ಪರಸ್ಪರ ಕೊಟ್ಟುಕೊಳ್ಳುತ್ತಾರೆ. ಆ ವಾರ ಹೋಗುವುದಾದರೆ ರೂಮು ಬಹಳ ಮುಂಚೆ ಕಾದಿರಿಸಬೇಕು.

ಅಲ್ಫಾಮದ ಹಿಂಬದಿಯ ಸಾಂತಾ ಕ್ಲಾರಾ ಬಯಲಿನಲ್ಲಿ ಮಂಗಳವಾರ, ಶನಿವಾರ ಹಳೆ ಸಾಮಾನಿನ ಸಂತೆ. ಹಳೆಯ ಗೋಡೆ ಹೆಂಚು ಮಾರಲು ಇಟ್ಟಿರುತ್ತಾರೆ, ಕೊಳ್ಳಬೇಡಿ: ಎಷ್ಟೋ ಸಲ ಅವು ಹಳೆ ಮನೆಗಳ ಗೋಡೆಯಿಂದ ಕಿತ್ತು ತಂದ ಕಳ್ಳಮಾಲು. ಸಂತೆಯ ಪಕ್ಕದ ಬಿಳಿ ಗುಮ್ಮಟ ರಾಷ್ಟ್ರೀಯ ಪ್ಯಾಂಥಿಯನ್. 1682ರಲ್ಲಿ ಚರ್ಚಾಗಿ ಶುರುವಾದ ಈ ಕಟ್ಟಡ ಮುಗಿದದ್ದು 1966ರಲ್ಲಿ. ನಮ್ಮ ಸರ್ಕಾರಿ ಕಾಮಗಾರಿಗಳೇ ವಾಸಿ. ಫಾದು ಗಾಯಕಿ ಅಮಾಲಿಯಾ ರೊಡ್ರಿಗಿಸ್, ಫುಟ್‌ಬಾಲಿನ ಎವುಸೇಬಿಯು ಇಬ್ಬರ ಸಮಾಧಿಯೂ ಇಲ್ಲಿದೆ.

ಫಾದು ಈ ಕೇರಿಗಳ ಹಾಡು. 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಇನ್ನೊಂದು ಮಾಮೂಲಿ ಗಿಟಾರು, ಶಾಲು ಹೊದ್ದ ಗಾಯಕಿ. ದೀಪ ತಗ್ಗಿಸಿ ಹಾಡು ಶುರುವಾದರೆ ಬಡಿಸುವವರೂ ನಿಲ್ಲುತ್ತಾರೆ, ನೀವೂ ಮಾತು ನಿಲ್ಲಿಸಬೇಕು, ಚಮಚದ ಸದ್ದೂ ಆಗಬಾರದು. ಊಟದ ಜೊತೆ ಫಾದು ಇಡುವ ಹೋಟೆಲುಗಳಲ್ಲಿ ತಲೆಗಿಷ್ಟು ಎಂದು ಕನಿಷ್ಠ ದರವಿರುತ್ತದೆ. ಕೂರುವ ಮೊದಲೇ ಕೇಳಿ. ದುಬಾರಿ ಎನಿಸಿದರೆ ಅಲ್ಫಾಮದ ಬುಡದಲ್ಲಿರುವ ಫಾದು ಸಂಗ್ರಹಾಲಯದಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಳೆಯ ಧ್ವನಿಗಳನ್ನು ಕೇಳಬಹುದು.

ಇನ್ನು 28ರ ಟ್ರಾಮು. ಮರದ ಸೀಟಿನ, 1930ರ ದಶಕದ ಹಳದಿ ಗಾಡಿ ಮಾರ್ಟಿಂ ಮೊನೀಜ್‌ನಿಂದ ಹೊರಟು ಗ್ರಾಸಾ, ಅಲ್ಫಾಮ, ಬೈಶಾ, ಶಿಯಾದು ಎಲ್ಲ ಸುತ್ತಿ ಕಾಂಪು ದೆ ಓರಿಕಿಗೆ ಹೋಗುತ್ತದೆ. ಕೆಲವು ತಿರುವುಗಳಲ್ಲಿ ಕಿಟಕಿಯಿಂದ ಕೈ ಚಾಚಿದರೆ ಮನೆಯ ಗೋಡೆ ಸಿಗುತ್ತದೆ. ಹಳಿಗೆ ಅಡ್ಡವಾಗಿ ಯಾರೋ ಕಾರು ನಿಲ್ಲಿಸಿ ಹೋಗಿದ್ದರೆ ಡ್ರೈವರು ಗಂಟೆ ಬಾರಿಸುತ್ತ ಕೂರುತ್ತಾನೆ, ಕಾರಿನವನು ಬರುವ ತನಕ ಟ್ರಾಮು ಮುಂದೆ ಹೋಗುವುದಿಲ್ಲ. ಹತ್ತು ಗಂಟೆಯ ಮೇಲೆ ಇದರಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮತ್ತು ಜೇಬುಗಳ್ಳರಿಗೆ ಇದೇ ಕಾರ್ಯಕ್ಷೇತ್ರ. ಪಾಸ್‌ಪೋರ್ಟನ್ನು ರೂಮಿನಲ್ಲೇ ಬಿಡಿ, ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಬೆಳಿಗ್ಗೆ ಎಂಟರೊಳಗೆ, ಅದೂ ಕಾಂಪು ದೆ ಓರಿಕಿ ತುದಿಯಿಂದ ಹತ್ತಿದರೆ ಕಿಟಕಿ ಪಕ್ಕದ ಸೀಟು ಸಿಗುವ ಸಂಭವ ಹೆಚ್ಚು.

ಬೆಲೆಂ: ಮೆಣಸಿನ ದುಡ್ಡು ಕಟ್ಟಿದ್ದು

ಊರಿನ ಪಶ್ಚಿಮಕ್ಕೆ, ನದಿ ಸಮುದ್ರ ಸೇರುವ ಕಡೆ ಬೆಲೆಂ. ಬೈಶಾದಿಂದ 15ನೇ ನಂಬರಿನ ಟ್ರಾಮು ಹೋಗುತ್ತದೆ. ಕಾಯಿಸ್ ದು ಸೊದ್ರೆಯಿಂದ ಲೋಕಲ್ ರೈಲು ಇನ್ನೂ ಬೇಗ. ಇಲ್ಲಿಗೆ ಅರ್ಧ ದಿನ ಬೇಕೇ ಬೇಕು, ಮತ್ತು ಅದು ಬೆಳಗಿನ ಅರ್ಧವಾಗಿರಲಿ.

ಜೆರೋನಿಮುಸ್ ಮಠದ ಕೆಲಸವನ್ನು ರಾಜ ಮನುವೆಲ್ 16ನೇ ಶತಮಾನದ ಆರಂಭದಲ್ಲಿ ಶುರು ಮಾಡಿಸಿದ, ಮುಗಿಯಲು ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು. ಆಫ್ರಿಕಾ ಮತ್ತು ಪೂರ್ವ ದೇಶಗಳಿಂದ ಬರುವ ಸರಕಿನ ಮೇಲೆ ಶೇಕಡಾ 5ರ ಸುಂಕ ಹಾಕಿ ಅದನ್ನು ಈ ಕಟ್ಟಡಕ್ಕೆ ಕೊಟ್ಟ. ಮೆಣಸಿನ ಸುಂಕ ಎಂದೇ ಅದರ ಹೆಸರು. ಆ ಮೆಣಸಿನ ಹೆಚ್ಚಿನ ಪಾಲು ಕೇರಳದ್ದಾದರೂ ಹೊನ್ನಾವರ, ಭಟ್ಕಳದ ಕಡೆಯದೂ ಪೋರ್ಚುಗೀಸ್ ಹಡಗು ಹತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದದ್ದು ಅದೇ ಶತಮಾನದ ಉತ್ತರಾರ್ಧದಲ್ಲಿ.

ಒಳಗಿನ ಎರಡಂತಸ್ತಿನ ಅಂಗಳದ ಸುತ್ತ ಪಡಸಾಲೆ. ಹೊಯ್ಸಳರ ಗುಡಿ ನೋಡಿ ಬೆಳೆದ ಕಣ್ಣು ಇಲ್ಲಿ ಸುಮ್ಮನೆ ಮುಂದೆ ಹೋಗುವುದಿಲ್ಲ. ಒಂದು ಕಂಬವನ್ನು ಆರಿಸಿಕೊಂಡು ಬುಡದಿಂದ ಮೇಲಕ್ಕೆ ನೋಡುತ್ತ ಹೋಗಿ: ತಿರುಚಿದ ಹಡಗಿನ ಹಗ್ಗ, ಹಗ್ಗಕ್ಕೆ ಗಂಟು, ಗಂಟಿನಿಂದ ಹೊರಡುವ ಬಳ್ಳಿ, ಬಳ್ಳಿಯ ನಡುವೆ ಒಂದು ಪ್ರಾಣಿ, ಅದರ ಮೇಲೆ ಖಗೋಳ ಯಂತ್ರದ ಬಳೆಗಳು. ಹಳೇಬೀಡಿನವರಿಗೆ ಸಿಕ್ಕಿದ್ದು ಉಳಿಗೆ ಮೆತ್ತಗಿರುವ ಬಳಪದ ಕಲ್ಲು. ಇವರಿಗೆ ಸಿಕ್ಕಿದ್ದು ಲಿಯೋಜ್ ಎಂಬ ಗಟ್ಟಿ ಸುಣ್ಣದ ಕಲ್ಲು. ಅದರಲ್ಲಿ ಇಷ್ಟು ತೆಗೆದಿದ್ದಾರೆ.

ಪಡಸಾಲೆಗೆ ಟಿಕೆಟ್ ಬೇಕು, ಪಕ್ಕದ ಚರ್ಚಿಗೆ ಬೇಡ, ಸಾಲುಗಳೂ ಬೇರೆ ಬೇರೆ. ಇದು ತಿಳಿಯದೆ ತಪ್ಪು ಸಾಲಿನಲ್ಲಿ ಬಿಸಿಲಿಗೆ ನಿಂತವರು ಬಹಳ. ಚರ್ಚಿನ ಬಾಗಿಲಲ್ಲೇ ಒಂದು ಪಕ್ಕ ವಾಸ್ಕೊ ಡ ಗಾಮನ ಸಮಾಧಿ, ಎದುರು ಪಕ್ಕ ಕವಿ ಕಮೊಯಿಸ್‌ನದು. ಗಾಮ ತೀರಿಕೊಂಡದ್ದು 1524ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕೊಚ್ಚಿಯಲ್ಲಿ. ಮೂಳೆ ಮೊದಲು ಪೋರ್ಚುಗಲ್ಲಿನ ಹಳ್ಳಿಯೊಂದಕ್ಕೆ, ಆಮೇಲೆ 1880ರಲ್ಲಿ ಇಲ್ಲಿಗೆ ಬಂತು. ಕಮೊಯಿಸ್‌ನ ಪೆಟ್ಟಿಗೆಯಲ್ಲಿರುವುದು ಅವನದೇ ಮೂಳೆ ಎಂಬುದಕ್ಕೆ ಖಾತರಿಯಿಲ್ಲ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಗಾಮ ಹಡಗು ದುರಸ್ತಿಗೆ ನಿಂತದ್ದು ನಮ್ಮ ಕಾರವಾರದ ಎದುರಿನ ಅಂಜುದೀವ್ ನಡುಗಡ್ಡೆಯಲ್ಲಿ. ಗರ್ಭಗುಡಿಯ ಕಡೆ ಮುಂದೆ ಹೋದರೆ ರಾಜ ಮನುವೆಲ್ ಮತ್ತು ಮನೆಯವರ ಕಲ್ಲಿನ ಪೆಟ್ಟಿಗೆಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಕ್ರೈಸ್ತ ರಾಜನ ಸಮಾಧಿಗೆ ಆನೆ ಎಲ್ಲಿಂದ ಬಂತು ಎಂದು ಭಾರತದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನದಿಯ ಅಂಚಿನ ಬೆಲೆಂ ಗೋಪುರ 1510ರ ದಶಕದಲ್ಲಿ ಕಟ್ಟಿದ್ದು. 2025ರಲ್ಲಿ ದುರಸ್ತಿಗೆಂದು ಮುಚ್ಚಿದ್ದರು, ತೆರೆದಿದೆಯೇ ನೋಡಿಕೊಂಡು ಹೊರಡಿ. ತೆರೆದಿದ್ದರೂ ಒಳಗೆ ಕಡಿದಾದ ಕಿರುಮೆಟ್ಟಿಲು, ಬರಿಯ ಕೋಣೆಗಳು. ಹೊರಗಿನಿಂದ ನೋಡಿದರೆ ಸಾಕೆಂಬುದು ನನ್ನ ಲೆಕ್ಕ. ಪಶ್ಚಿಮದ ಕಾವಲು ಗೂಡಿನ ಬುಡದಲ್ಲಿ ಸವೆದು ಹೋದ ಒಂದು ಘೇಂಡಾಮೃಗದ ತಲೆಯಿದೆ, ಅದನ್ನು ಮಾತ್ರ ಹುಡುಕಿ. ಗುಜರಾತಿನ ಸುಲ್ತಾನ ಕೊಟ್ಟ ಆ ಪ್ರಾಣಿಯನ್ನು ಗೋವಾ ಹಿಡಿದಿದ್ದ ಪೋರ್ಚುಗೀಸ್ ದಂಡನಾಯಕ ಆಲ್ಬುಕರ್ಕ್ ಅಲ್ಲಿಂದ ಹಡಗು ಹತ್ತಿಸಿದ, 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್ನಿನಲ್ಲಿ ಇಳಿಯಿತು. ರಾಜ ಅದನ್ನು ಆನೆಯ ಎದುರು ಕಾದಾಟಕ್ಕೆ ಬಿಟ್ಟರೆ ಆನೆ ಓಡಿಹೋಯಿತು. ಜರ್ಮನಿಯ ಕಲಾವಿದ ಡ್ಯೂರರ್ ಪ್ರಾಣಿಯನ್ನು ಕಣ್ಣಲ್ಲಿ ನೋಡದೆ, ಬರೆದು ಕಳಿಸಿದ ವಿವರ ನಂಬಿ ಅದರ ಪ್ರಸಿದ್ಧ ಚಿತ್ರ ಕೆತ್ತಿದ. ಆಮೇಲೆ ಪೋಪ್‌ಗೆ ಕಾಣಿಕೆಯಾಗಿ ಹೊರಟ ಘೇಂಡಾ ಇಟಲಿಯ ಹತ್ತಿರ ಹಡಗಿನ ಸಮೇತ ಮುಳುಗಿತು.

ಮಠಕ್ಕೂ ಗೋಪುರಕ್ಕೂ ನಡುವೆ ಹಡಗಿನ ಮೂತಿಯಂತೆ ನಿಂತಿರುವುದು ಅನ್ವೇಷಕರ ಸ್ಮಾರಕ. ಸಾಲಜಾರನ ಸರ್ವಾಧಿಕಾರ 1960ರಲ್ಲಿ ಕಟ್ಟಿಸಿದ್ದು. ಸಾಲಾಗಿ ನಿಂತ 33 ಮಂದಿಯಲ್ಲಿ ಗಾಮನೂ ಇದ್ದಾನೆ, ಗೋವಾ ಹಿಡಿದ ಆಲ್ಬುಕರ್ಕ್ ಕೂಡ. ಆ ಗೋವಾ ದಂಡಯಾತ್ರೆಗೆ ದಾರಿ ತೋರಿಸಿದವನು ಹೊನ್ನಾವರದ ತಿಮ್ಮಯ್ಯ, ಅವನಿಗೆ ಇಲ್ಲಿ ಜಾಗವಿಲ್ಲ. ಉಳ್ಳಾಲದ ಅಬ್ಬಕ್ಕನ ಕಥೆ ಕೇಳಿ ಬೆಳೆದವರಿಗೆ ಈ ಸ್ಮಾರಕದ ಗತ್ತು ಸ್ವಲ್ಪ ಜಾಸ್ತಿಯೇ ಎನಿಸುತ್ತದೆ. ಸ್ಮಾರಕ ಎದ್ದ ಮರುವರ್ಷ, 1961ರ ಡಿಸೆಂಬರಿನಲ್ಲಿ, ಗೋವಾ ಅವರ ಕೈ ತಪ್ಪಿತು. ಎದುರಿನ ನೆಲದ ಮೇಲೆ ಅಮೃತಶಿಲೆಯ ಜಗತ್ತಿನ ಭೂಪಟವಿದೆ. ಮಕ್ಕಳಿಗೆ ಭಾರತದ ಕರಾವಳಿ ಹುಡುಕಲು ಹೇಳಿ.

ಬೆಲೆಂನಲ್ಲಿ 1837ರಿಂದ ಕಸ್ಟರ್ಡ್ ತುಂಬಿದ ಪುಟ್ಟ ಕಡುಬಿನಂಥ ಪಾಸ್ತೆಲ್ ಮಾರುವ ಅಂಗಡಿಯಿದೆ. ಮಠಗಳನ್ನು ಮುಚ್ಚಿದಾಗ ಜೆರೋನಿಮುಸ್‌ನವರಿಂದ ಹೊರಬಂದ ಪಾಕವಂತೆ. ಬಿಸಿಯಿದ್ದಾಗಲೇ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ತಿನ್ನಬೇಕು. ಹೊರಗೆ ಕಟ್ಟಿಸಿಕೊಂಡು ಹೋಗುವವರ ಸಾಲು ಕಂಡು ಹೆದರಬೇಡಿ, ಒಳಗೆ ಕೂರಲು ಕೋಣೆಗಳ ಸಾಲೇ ಇದೆ. ಇದರಲ್ಲಿ ಮೊಟ್ಟೆಯ ಹಳದಿ ಧಾರಾಳ. ಮೊಟ್ಟೆ ತಿನ್ನದವರಿಗೆ ದಾಲ್ಚಿನ್ನಿಯ ಪರಿಮಳವಷ್ಟೇ.

ಊಟ, ಓಡಾಟ, ವೀಸಾ

ಸಸ್ಯಾಹಾರಿಗಳಿಗೆ ಈ ಊರು ಮೊದಲಿನಷ್ಟು ಕಷ್ಟವಲ್ಲ. ಆದರೂ ಎಚ್ಚರ ಬೇಕು: ಸೊಪ್ಪಿನ ಸಾರು ಎಂದು ತರಿಸಿದ ಕಾಲ್ಡು ವೆರ್ಡೆಯಲ್ಲಿ ಹಂದಿ ಮಾಂಸದ ಸಾಸೇಜಿನ ತುಂಡು ತೇಲುತ್ತಿರುತ್ತದೆ. ಮಾಂಸವೂ ಬೇಡ, ಮೀನೂ ಬೇಡ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ಅಲ್ಲಿ ಎಷ್ಟೋ ಜನರಿಗೆ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಮಾರ್ಟಿಂ ಮೊನೀಜ್ ಸುತ್ತಮುತ್ತ ಬಾಂಗ್ಲಾದೇಶಿ, ನೇಪಾಳಿ, ಭಾರತೀಯ ಅಂಗಡಿ ಹೋಟೆಲುಗಳು ಬೇಕಾದಷ್ಟಿವೆ. ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳ ರಾಧಾಕೃಷ್ಣ ದೇವಸ್ಥಾನ ಊರಿನ ಉತ್ತರ ಭಾಗದಲ್ಲಿದೆ, ಅಲ್ಲಿನ ಕ್ಯಾಂಟೀನಿನಲ್ಲಿ ಶುದ್ಧ ಸಸ್ಯಾಹಾರ. ಯಾವ ಹೋಟೆಲಿಗೆ ಹೋದರೂ ನೀವು ಕೇಳದೆಯೇ ಬ್ರೆಡ್ಡು, ಆಲಿವ್ ಕಾಯಿ, ಚೀಸ್ ತಂದಿಡುತ್ತಾರೆ. ಪುಕ್ಕಟೆ ಅಂದುಕೊಳ್ಳಬೇಡಿ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಮುಖ ಸಿಂಡರಿಸದೆ ತೆಗೆದುಕೊಂಡು ಹೋಗುತ್ತಾರೆ.

ವಿಮಾನ ನಿಲ್ದಾಣ ಊರೊಳಗೇ ಇದೆ, ಮೆಟ್ರೊ ಅಲ್ಲಿಂದಲೇ ಹೊರಡುತ್ತದೆ. ಸ್ಟೇಷನ್ನಿನ ಯಂತ್ರದಲ್ಲಿ ನವೆಗಾಂತ್ ಕಾರ್ಡು ತೆಗೆದುಕೊಂಡು ದುಡ್ಡು ತುಂಬಿಸಿದರೆ ಮೆಟ್ರೊ, ಟ್ರಾಮು, ಬಸ್ಸು, ದೋಣಿ ಎಲ್ಲಕ್ಕೂ ಆಗುತ್ತದೆ. ಒಂದು ಕಾರ್ಡಿನಲ್ಲಿ ಇಬ್ಬರು ಹೋಗುವಂತಿಲ್ಲ. ಕಾಯಿಸ್ ದು ಸೊದ್ರೆಯಿಂದ ಆಚೆ ದಂಡೆಯ ಕಸಿಲ್ಯಸ್‌ಗೆ ಹೋಗುವ ದೋಣಿಯನ್ನು ಸಂಜೆ ಹತ್ತಿ. ದುಬಾರಿ ವಿಹಾರ ದೋಣಿಗಳ ನೋಟವನ್ನೇ ಬಸ್ ಚಾರ್ಜಿನಷ್ಟು ದುಡ್ಡಿಗೆ ತೋರಿಸುತ್ತದೆ. ಸೋಮವಾರ ಬಹಳಷ್ಟು ಸಂಗ್ರಹಾಲಯಗಳಿಗೆ ರಜೆ. ಆ ದಿನವನ್ನು ಅಲ್ಫಾಮಕ್ಕೋ ಸಿಂತ್ರಕ್ಕೋ ಇಟ್ಟುಕೊಳ್ಳಿ.

ಸಿಂತ್ರ ಪಕ್ಕದ ಗುಡ್ಡದೂರು, ರೊಸ್ಸಿಯು ಸ್ಟೇಷನ್ನಿನಿಂದ ರೈಲಿನಲ್ಲಿ ಸುಮಾರು 40 ನಿಮಿಷ. ಬಣ್ಣಬಣ್ಣದ ಪೆನಾ ಅರಮನೆಗೆ ಗಂಟೆ ನಮೂದಿಸಿದ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ಕೊಂಡಿರಬೇಕು. ಸ್ಟೇಷನ್ನಿನಿಂದ 434 ಬಸ್ಸು. ಅರಮನೆಗಿಂತ ನನಗೆ ಹಿಡಿಸಿದ್ದು ಕೆಳಗಿನ ರಿಗಲೈರಾ ತೋಟದ ಸುತ್ತುಮೆಟ್ಟಿಲಿನ ಆಳದ ಬಾವಿ. ಊರಿನ ಮೂರು ದಿನದ ಮೇಲೆ ಸಿಂತ್ರಕ್ಕೆ ಇಡೀ ಒಂದು ದಿನ ಇರಲಿ.

ಹವೆಗೆ ಏಪ್ರಿಲಿನಿಂದ ಜೂನ್ ಮಧ್ಯದವರೆಗೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿ ಮಳೆ, ಫುಟ್‌ಪಾತು ಜಾರುವ ಕಾಲ. ರೂಮಿನ ಬಾಡಿಗೆಯ ಮೇಲೆ ತಲೆಗೆ ರಾತ್ರಿಗೆ 4 ಯೂರೊ ನಗರ ತೆರಿಗೆಯಿದೆ, ಏಳು ರಾತ್ರಿಯವರೆಗೆ. ಬೇಕಾದದ್ದು ಷೆಂಗೆನ್ ವೀಸಾ. ವಯಸ್ಕರಿಗೆ ಶುಲ್ಕ 90 ಯೂರೊ, ಸೇವಾ ಕೇಂದ್ರದ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳು ಮುಂಚಿನಿಂದಲೂ ಹಾಕಬಹುದು, 15 ದಿನಕ್ಕಿಂತ ತಡವಾಗಿ ಹಾಕುವಂತಿಲ್ಲ. ಬೇಸಿಗೆ ರಜೆಗೆ ಹೋಗುವವರು ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿದುಕೊಳ್ಳಿ.